ಲೇಸರ್ ಕೂದಲು ನಿವಾರಣೆ: ಎಷ್ಟು ನೋವು ಸಹಜ, ಯಾವಾಗ ನಿಲ್ಲಿಸಿ ಎನ್ನಬೇಕು?

(ಚರ್ಮರೋಗ ತಜ್ಞರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ. ಕೇಳಿದವರ ಹೆಸರುಗಳನ್ನು ಪ್ರಕಟಿಸಿಲ್ಲ.)

ಪ್ರಶ್ನೆ: ನನಗೆ 27 ವರ್ಷ. ಗದ್ದ ಮತ್ತು ಕಂಕುಳಿನ ಕೂದಲಿಗೆ ಲೇಸರ್ ಮಾಡಿಸಿಕೊಳ್ಳಬೇಕೆಂದಿದ್ದೇನೆ. ಗೆಳತಿಯೊಬ್ಬಳು ‘ಏನೂ ಗೊತ್ತೇ ಆಗುವುದಿಲ್ಲ’ ಎನ್ನುತ್ತಾಳೆ. ನಮ್ಮ ಅತ್ತಿಗೆ ‘ಕಣ್ಣಲ್ಲಿ ನೀರು ಬಂತು’ ಎನ್ನುತ್ತಾರೆ. ಯಾರ ಮಾತನ್ನು ನಂಬಲಿ? ನಿಜಕ್ಕೂ ಅದು ಹೇಗಿರುತ್ತದೆ?

ಉತ್ತರ: ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಚರ್ಮ, ಕೂದಲು, ಯಂತ್ರ, ಮೈಯ ಭಾಗ ಇವೆಲ್ಲ ಬೇರೆ ಬೇರೆಯಾಗಿರುವುದರಿಂದ ಒಬ್ಬರ ಅನುಭವವನ್ನು ಅಳತೆಗೋಲಾಗಿಸಿಕೊಂಡು ಇನ್ನೊಬ್ಬರ ನೋವನ್ನು ಅಳೆಯಲಾಗದು, ಅಷ್ಟೇ.

ಲೇಸರ್ ಬೆಳಕನ್ನು ಹೀರಿಕೊಳ್ಳುವುದು ಕೂದಲಿನಲ್ಲಿರುವ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ. ಅದು ಕ್ಷಣಾರ್ಧದಲ್ಲಿ ಕಾಯುತ್ತದೆ. ಆ ಕಾವು ಕೂದಲಿನ ಬುಡಕ್ಕೂ, ಕೂದಲನ್ನು ಮತ್ತೆ ಮತ್ತೆ ಬೆಳೆಸುವ ಜೀವಕೋಶಗಳಿಗೂ ಹರಡಿ ಅವುಗಳನ್ನು ಕೆಡಿಸುತ್ತದೆ. ಸುತ್ತಲಿನ ಚರ್ಮವನ್ನು ಸುಡದೆ ಬಣ್ಣವಿರುವ ಗುರಿಯನ್ನು ಮಾತ್ರ ಹೀಗೆ ಕಾಯಿಸಬಹುದೆಂಬ ತತ್ವವನ್ನು ಆಂಡರ್ಸನ್ ಮತ್ತು ಪ್ಯಾರಿಷ್ ಎಂಬ ಇಬ್ಬರು ವಿಜ್ಞಾನಿಗಳು 1983ರಲ್ಲಿ ಮುಂದಿಟ್ಟರು. ಇಂದಿನ ಯಂತ್ರಗಳು ನಡೆಯುವುದೂ ಅದೇ ತತ್ವದ ಮೇಲೆ. ಆದರೆ ಪ್ರತಿಯೊಂದು ಕೂದಲಿನ ಬುಡವನ್ನೂ ನವಿರಾದ ನರದ ಎಳೆಗಳು ಬಲೆಯಂತೆ ಸುತ್ತಿಕೊಂಡಿರುತ್ತವೆ. ಗಾಳಿಗೆ ಕೈಮೇಲಿನ ಒಂದೇ ಒಂದು ರೋಮ ಅಲುಗಿದರೂ ನಮಗೆ ತಿಳಿಯುವುದು ಈ ಎಳೆಗಳಿಂದ. ಬುಡ ಕಾದಾಗ ಅವು ಸುಮ್ಮನಿರುವುದಿಲ್ಲ.

ರಬ್ಬರ್ ಬ್ಯಾಂಡನ್ನು ಎಳೆದು ಚರ್ಮದ ಮೇಲೆ ಬಿಟ್ಟಂತೆ ಎಂಬ ಹೋಲಿಕೆಯನ್ನು ನೀವು ಈಗಾಗಲೇ ಕೇಳಿರಬಹುದು. ಅದು ಅರ್ಧ ಸತ್ಯ, ಏಕೆಂದರೆ ರಬ್ಬರ್ ಬ್ಯಾಂಡಿಗೆ ಬಿಸಿಯಿಲ್ಲ. ಆ ಪೆಟ್ಟಿನ ಜೊತೆಗೆ ಬಿಸಿ ಎಣ್ಣೆಯ ಸಣ್ಣ ಹನಿಯೊಂದು ಸಿಡಿದು ಬಿದ್ದಂತೆ ಎಂದುಕೊಂಡರೆ ಇನ್ನಷ್ಟು ಹತ್ತಿರವಾದೀತು. ತಂಪು ಅನಿಲವನ್ನು ಸಿಂಪಡಿಸುವ ಯಂತ್ರವಾದರೆ ಮೊದಲು ಥಟ್ಟನೆ ತಣ್ಣಗಾಗುತ್ತದೆ, ಮರುಕ್ಷಣವೇ ಚುರ್ ಎನ್ನುತ್ತದೆ, ನೀವು ‘ಆ’ ಎನ್ನುವಷ್ಟರಲ್ಲಿ ಅದು ಮುಗಿದಿರುತ್ತದೆ. ಬೆಳಕಿನ ಒಂದು ಹೊಡೆತ ಸಾಮಾನ್ಯವಾಗಿ ಕೆಲವೇ ಮಿಲಿಸೆಕೆಂಡುಗಳಿಂದ ಕೆಲವು ಹತ್ತು ಮಿಲಿಸೆಕೆಂಡುಗಳಷ್ಟು ಕಾಲ ಮಾತ್ರ ಇರುತ್ತದೆ. ಜನರನ್ನು ದಣಿಸುವುದು ಒಂದು ಹೊಡೆತವಲ್ಲ, ಅದು ಮುಗಿಯಿತೆನ್ನುವಷ್ಟರಲ್ಲಿ ಬರುವ ಇನ್ನೊಂದು, ಅದರ ಹಿಂದಿನ ಮತ್ತೊಂದು. ಕೂದಲು ಸುಟ್ಟ ವಾಸನೆಯೂ ಬರುತ್ತದೆ. ಮೊದಲ ಸಲ ಅನೇಕರು ಬೆಚ್ಚಿಬೀಳುವುದು ನೋವಿಗಿಂತ ಹೆಚ್ಚಾಗಿ ಈ ವಾಸನೆಗೆ. ಇನ್ನು ಡಯೋಡ್ ಎಂಬ ಬಗೆಯ ಲೇಸರಿನ ಕೆಲವು ಯಂತ್ರಗಳಲ್ಲಿ ಕಡಿಮೆ ಶಕ್ತಿಯ ಹೊಡೆತಗಳನ್ನು ಒಂದೇ ಜಾಗದ ಮೇಲೆ ಹಲವು ಬಾರಿ ಓಡಿಸುತ್ತಾರೆ. ಅಲ್ಲಿ ಚುರುಕ್ಕೆನ್ನುವುದು ಕಡಿಮೆ. ಚರ್ಮ ಬೆಚ್ಚಗಾಗುತ್ತ ಹೋಗಿ ಕೊನೆಯಲ್ಲಿ ಬಿಸಿ ತಡೆಯುವುದು ಕಷ್ಟವೆನಿಸುತ್ತದೆ.

ಕೂದಲು ದಪ್ಪವಾಗಿ, ಕಪ್ಪಾಗಿ, ಒತ್ತಾಗಿರುವಲ್ಲಿ ಹೀರಿಕೊಳ್ಳುವ ಶಾಖವೂ ಹೆಚ್ಚು, ನೋವೂ ಹೆಚ್ಚು. ಆದ್ದರಿಂದ ಕಂಕುಳು ಮತ್ತು ತೊಡೆಸಂದಿನಲ್ಲಿ ಚೆನ್ನಾಗಿಯೇ ಗೊತ್ತಾಗುತ್ತದೆ. ಮೇಲ್ದುಟಿಯ ಮೇಲೆ ಕೂದಲು ತೆಳುವಾದರೂ ನರಗಳು ದಟ್ಟವಾಗಿರುವುದರಿಂದ ಕಣ್ಣಲ್ಲಿ ನೀರು ತಾನಾಗಿ ಬರುತ್ತದೆ. ಮೊಣಕಾಲಿನ ಕೆಳಗೆ ಮೂಳೆ ಚರ್ಮಕ್ಕೆ ತಾಗಿಕೊಂಡಿರುವ ಕಡೆಯೂ ಹಾಗೆಯೇ. ತೋಳು, ಹೊಟ್ಟೆ, ತೊಡೆಯ ಮೇಲ್ಭಾಗದಲ್ಲಿ ಎಷ್ಟೋ ಜನ ಮಾತನಾಡುತ್ತಲೇ ಮುಗಿಸಿಕೊಳ್ಳುತ್ತಾರೆ. ನೀವು ಹೇಳಿದ ಎರಡು ಭಾಗಗಳಲ್ಲಿ ಕಂಕುಳು ಹೆಚ್ಚು ನೋಯಬಹುದು, ಆದರೆ ಎರಡೂ ಕಡೆ ಸೇರಿ ಕೆಲವೇ ನಿಮಿಷಗಳ ಕೆಲಸ.

ಯಂತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು. 755 ನ್ಯಾನೋಮೀಟರ್ ತರಂಗಾಂತರದ ಅಲೆಕ್ಸಾಂಡ್ರೈಟ್, ಸುಮಾರು 810ರ ಡಯೋಡ್, 1064ರ ಎನ್‌ಡಿ-ಯಾಗ್ ಇವು ಹೆಚ್ಚಾಗಿ ಬಳಕೆಯಲ್ಲಿರುವ ಲೇಸರ್‌ಗಳು. ಇವುಗಳಲ್ಲಿ ಕೊನೆಯದನ್ನು ಮೆಲನಿನ್ ಕಡಿಮೆ ಹೀರಿಕೊಳ್ಳುವುದರಿಂದ ಕಪ್ಪು ಅಥವಾ ಗಾಢ ಕಂದು ಚರ್ಮಕ್ಕೆ ಅದೇ ಹೆಚ್ಚು ಸುರಕ್ಷಿತ. ಆದರೆ ಅದೇ ಕಾರಣಕ್ಕೆ ಹೆಚ್ಚು ಶಕ್ತಿ ಬಳಸಬೇಕಾಗುತ್ತದೆ, ಕಿರಣ ಆಳಕ್ಕೂ ಇಳಿಯುತ್ತದೆ, ಹಾಗಾಗಿ ನೋವೂ ಮೂರರಲ್ಲಿ ಅದರದೇ ಹೆಚ್ಚು. ‘ನೋವೇ ಇಲ್ಲ’ ಎಂಬ ಜಾಹೀರಾತನ್ನು ನೋಡಿ ಯಂತ್ರವನ್ನು ಆರಿಸಿಕೊಳ್ಳುವವರು ತಮ್ಮ ಚರ್ಮಕ್ಕೆ ಯಾವುದು ಒಗ್ಗುತ್ತದೆ ಎಂಬ ಮುಖ್ಯ ಪ್ರಶ್ನೆಯನ್ನೇ ಮರೆತಿರುತ್ತಾರೆ.

ನೋವು ತಗ್ಗಿಸಲು ನೀವೇ ಮಾಡಬಹುದಾದ ಅತಿ ಉಪಯುಕ್ತ ಕೆಲಸವೆಂದರೆ ಹಿಂದಿನ ದಿನ ಆ ಭಾಗವನ್ನು ಚೆನ್ನಾಗಿ ಶೇವ್ ಮಾಡಿಕೊಳ್ಳುವುದು. ಚರ್ಮದ ಮೇಲೆ ಉಳಿದ ಕೂದಲು ಅಲ್ಲೇ ಸುಟ್ಟು ಮೇಲ್ಚರ್ಮವನ್ನು ಕಾಯಿಸುತ್ತದೆ. ಇದರಿಂದ ನೋವೇ ಹೊರತು ಫಲವಿಲ್ಲ. ಗದ್ದದ ಮೇಲೆ ರೇಜರ್ ಆಡಿಸಿದರೆ ಕೂದಲು ದಪ್ಪವಾಗಿ ಬರುತ್ತದೆಂಬ ಹಳೆಯ ಭಯವನ್ನು ಬಿಟ್ಟುಬಿಡಿ, ಅದು ನಿಜವಲ್ಲ. ಆದರೆ ವ್ಯಾಕ್ಸಿಂಗ್, ಥ್ರೆಡಿಂಗ್, ಚಿಮಟದಿಂದ ಕೀಳುವುದು ಇವನ್ನೆಲ್ಲ ನಾಲ್ಕರಿಂದ ಆರು ವಾರ ಮೊದಲೇ ನಿಲ್ಲಿಸಬೇಕು, ಏಕೆಂದರೆ ಬುಡದಲ್ಲಿ ಕೂದಲೇ ಇಲ್ಲದಿದ್ದರೆ ಲೇಸರಿಗೆ ಗುರಿಯೇ ಇರುವುದಿಲ್ಲ. ಅಂಥ ಸಿಟ್ಟಿಂಗ್ ನೋವಿಲ್ಲದೆ ಮುಗಿಯುತ್ತದೆ. ಹಣವೂ ನೋವಿಲ್ಲದೆ ಹೋಗುತ್ತದೆ.

ಉಳಿದದ್ದು ತಂಪಿನ ಕೆಲಸ. ಹ್ಯಾಂಡ್‌ಪೀಸಿನ (ಚರ್ಮಕ್ಕೆ ತಾಗಿಸುವ ಹಿಡಿಕೆಯ) ತುದಿಯ ತಣ್ಣನೆಯ ನೀಲಮಣಿಯ ಗಾಜು, ತಂಪು ಅನಿಲದ ಸಿಂಪಡಣೆ, ಕೊಳವೆಯಿಂದ ಬರುವ ಶೀತಲ ಗಾಳಿ ಇವುಗಳಲ್ಲಿ ಯಾವುದಿದೆ ಎಂದು ಮೊದಲೇ ಕೇಳಿಕೊಳ್ಳಿ. ಹೊಡೆತ ಬೀಳುವ ಹೊತ್ತಿಗೆ ಉಸಿರನ್ನು ಬಿಗಿಹಿಡಿಯದೆ ನಿಧಾನವಾಗಿ ಹೊರಬಿಡುವುದರಿಂದಲೂ, ಹತ್ತಿಪ್ಪತ್ತು ಹೊಡೆತಗಳಿಗೊಮ್ಮೆ ತುಸು ನಿಲ್ಲಿಸಲು ಮೊದಲೇ ಹೇಳಿಟ್ಟಿರುವುದರಿಂದಲೂ ಬಹಳ ಅನುಕೂಲವಾಗುತ್ತದೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಚರ್ಮ ಹೆಚ್ಚು ನೋಯುತ್ತದೆಂದು ಹೇಳುವ ಮಹಿಳೆಯರಿದ್ದಾರೆ. ನಿಮಗೂ ಹಾಗೆನಿಸಿದರೆ ದಿನ ಬದಲಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಕೂದಲು ತೆಳುವಾಗಿ ವಿರಳವಾಗುತ್ತ ಹೋದಂತೆ ನೋವೂ ಸಾಮಾನ್ಯವಾಗಿ ಇಳಿಯುತ್ತದೆ, ಆದ್ದರಿಂದ ಮೊದಲ ಸಿಟ್ಟಿಂಗಿನ ಅನುಭವದಿಂದಲೇ ಮುಂದಿನದನ್ನೆಲ್ಲ ಊಹಿಸಿಕೊಳ್ಳಬೇಡಿ.

ಪ್ರಶ್ನೆ: ನನಗೆ ನೋವು ತಡೆಯುವ ಶಕ್ತಿ ಬಹಳ ಕಡಿಮೆ. ಎರಡೂ ಕಾಲುಗಳಿಗೆ ಮಾಡಿಸಬೇಕಿದೆ. ಮರಗಟ್ಟಿಸುವ ಕ್ರೀಮನ್ನು ಮನೆಯಲ್ಲೇ ಧಾರಾಳವಾಗಿ ಹಚ್ಚಿ, ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಹೋಗಬಹುದೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಈ ಕ್ರೀಮುಗಳಲ್ಲಿರುವ ಲಿಡೋಕೇನ್ ಎಂಬ ಮರಗಟ್ಟಿಸುವ ಮದ್ದು ಚರ್ಮದ ಮೇಲಷ್ಟೇ ಉಳಿಯುವುದಿಲ್ಲ, ರಕ್ತಕ್ಕೂ ಸೇರುತ್ತದೆ. ಹಚ್ಚುವ ಜಾಗ ದೊಡ್ಡದಾದಷ್ಟೂ, ಹೊದಿಕೆ ಸುತ್ತಿದಷ್ಟೂ, ಹೊತ್ತು ಹೆಚ್ಚಾದಷ್ಟೂ ಒಳಹೋಗುವ ಪ್ರಮಾಣ ಏರುತ್ತದೆ. ಮಿತಿಮೀರಿದರೆ ತಲೆಸುತ್ತು, ಬಾಯಿಯ ಸುತ್ತ ಜೋಮು, ಕಿವಿಯಲ್ಲಿ ಗುಂಯ್‌ಗುಡುವ ಸದ್ದು, ಆಮೇಲೆ ಸೆಳವು, ಹೃದಯ ಬಡಿತದ ಏರುಪೇರು ಉಂಟಾಗಬಹುದು. ಅಮೆರಿಕದಲ್ಲಿ 22 ಮತ್ತು 25 ವರ್ಷದ ಇಬ್ಬರು ಯುವತಿಯರು ಲೇಸರಿಗೆಂದು ಕಾಲುಗಳಿಗೆ ಇಂಥ ಕ್ರೀಮನ್ನು ಹಚ್ಚಿ ಪ್ಲಾಸ್ಟಿಕ್ ಸುತ್ತಿಕೊಂಡದ್ದರಿಂದ ಸೆಳವು ಬಂದು, ಪ್ರಜ್ಞೆ ತಪ್ಪಿ, ಕೊನೆಗೆ ತೀರಿಕೊಂಡರು. ಆ ದೇಶದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2007ರಲ್ಲಿ ಈ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು.

ಮೇಲ್ದುಟಿ, ಕಂಕುಳಿನಂಥ ಸಣ್ಣ ಜಾಗಕ್ಕೆ ವೈದ್ಯರೇ ಹೇಳಿದ ಪ್ರಮಾಣದಲ್ಲಿ, ಅವರು ಹೇಳಿದಷ್ಟು ಹೊತ್ತು ಹಚ್ಚಿ, ಲೇಸರಿಗೆ ಮುನ್ನ ಪೂರ್ತಿಯಾಗಿ ಒರೆಸಿ ತೆಗೆದರೆ ಸಾಮಾನ್ಯವಾಗಿ ತೊಂದರೆಯಾಗದು. ಇಂಥ ಮದ್ದು ಹಿಂದೆ ಒಗ್ಗದಿದ್ದರೆ, ಹೃದಯ ಅಥವಾ ಯಕೃತ್ತಿನ ಕಾಯಿಲೆ ಇದ್ದರೆ ಅದನ್ನು ಮೊದಲೇ ತಿಳಿಸಬೇಕು. ಎರಡೂ ಕಾಲುಗಳಿಗೆ ಮಾಡಿಸುವಾಗ ಕ್ರೀಮಿಗಿಂತ ತಂಪು ಗಾಳಿಯನ್ನೇ ನೆಚ್ಚಿಕೊಳ್ಳುವುದು, ಅದೂ ಸಾಲದಿದ್ದರೆ ಒಂದು ದಿನ ಒಂದೇ ಕಾಲು ಮಾಡಿಸುವುದು ನನ್ನ ಸಲಹೆ.

ಜೀವಭಯದ ಮಾತು ಹಾಗಿರಲಿ, ಪೂರ್ತಿ ಮರಗಟ್ಟಿಸುವುದನ್ನು ನಾನು ಒಪ್ಪದಿರಲು ಇನ್ನೊಂದು ಕಾರಣವಿದೆ. ಶಕ್ತಿಯ ಪ್ರಮಾಣ ನಿಮ್ಮ ಚರ್ಮಕ್ಕೆ ಹೆಚ್ಚಾಗುತ್ತಿದ್ದರೆ ಅದು ಮೊದಲು ಗೊತ್ತಾಗುವುದು ಯಂತ್ರ ಹಿಡಿದವರಿಗಲ್ಲ, ನಿಮಗೆ. ಚುರ್ ಎಂದು ಕ್ಷಣದಲ್ಲಿ ಆರಿಹೋಗುವ ನೋವು ನಿರೀಕ್ಷಿತವಾದದ್ದು. ಹೊಡೆತ ಮುಗಿದ ಮೇಲೂ ಆ ಜಾಗ ಉರಿಯುತ್ತಲೇ ಇದ್ದರೆ, ಅಥವಾ ಸುತ್ತಲಿನ ಜಾಗಕ್ಕಿಂತ ಒಂದು ಕಡೆ ಮಾತ್ರ ವಿಪರೀತ ನೋಯುತ್ತಿದ್ದರೆ ಅದು ಸುಡುತ್ತಿರುವುದರ ಸೂಚನೆ ಇರಬಹುದು. ಆ ಸೂಚನೆಯನ್ನೇ ಮೊದಲು ಬಾಯಿ ಮುಚ್ಚಿಸಿ ಮಲಗಿದರೆ, ಗೊತ್ತಾಗುವುದು ಬೊಬ್ಬೆ ಎದ್ದ ಮೇಲೆ.

ಪ್ರಶ್ನೆ: ಮೊದಲೆರಡು ಸಿಟ್ಟಿಂಗ್ ಸುಲಭವಾಗಿದ್ದವು. ಮೂರನೆಯ ಸಲ ಸಹಿಸಲಾಗದಷ್ಟು ನೋವಾಯಿತು. ‘ಸ್ವಲ್ಪ ತಡೆದುಕೊಳ್ಳಿ’ ಎಂದರು. ಏಕೆ ಹೀಗಾಯಿತು?

ಉತ್ತರ: ನೋವು ಇಳಿಯಬೇಕಾದ ಹೊತ್ತಿನಲ್ಲಿ ಏರಿದೆ ಎಂದರೆ ಏನೋ ಬದಲಾಗಿದೆ ಎಂದರ್ಥ, ‘ತಡೆದುಕೊಳ್ಳಿ’ ಎಂಬುದು ಅದಕ್ಕೆ ಉತ್ತರವಲ್ಲ. ಈ ನಡುವೆ ನೀವು ಬಿಸಿಲಿನಲ್ಲಿ ಓಡಾಡಿದ್ದೀರಾ? ಬಿಸಿಲಿಗೆ ಕಪ್ಪಾದ ಮೇಲ್ಚರ್ಮದಲ್ಲಿ ಮೆಲನಿನ್ ಹೆಚ್ಚಿರುತ್ತದೆ, ಕೂದಲಿಗೆ ಹೋಗಬೇಕಾದ ಬೆಳಕನ್ನು ಅದೇ ಹೀರಿಕೊಳ್ಳುತ್ತದೆ. ಹೊಸದಾಗಿ ಡಾಕ್ಸಿಸೈಕ್ಲಿನ್‌ನಂಥ, ಚರ್ಮವನ್ನು ಬೆಳಕಿಗೆ ಸೂಕ್ಷ್ಮಗೊಳಿಸುವ ಔಷಧವನ್ನೇನಾದರೂ ಸೇವಿಸುತ್ತಿದ್ದೀರಾ? ಸರಿಯಾಗಿ ಶೇವ್ ಆಗಿತ್ತೇ? ಇವು ನಿಮ್ಮ ಕಡೆಯವು. ಅವರ ಕಡೆ ಶಕ್ತಿಯನ್ನು ಏರಿಸಿರಬಹುದು, ಯಂತ್ರವನ್ನೇ ಬದಲಿಸಿರಬಹುದು, ತಂಪು ಮಾಡುವ ಭಾಗ ಕೆಟ್ಟಿರಬಹುದು, ಹ್ಯಾಂಡ್‌ಪೀಸಿನ ಗಾಜಿಗೆ ಸುಟ್ಟ ಕೂದಲಿನ ಕರಿ ಅಂಟಿಕೊಂಡು ಅದೇ ಕಾದು ಚರ್ಮಕ್ಕೆ ತಾಗಿರಬಹುದು. ಮೂರು ಸಲವೂ ಬಳಸಿದ ಯಂತ್ರ ಮತ್ತು ಶಕ್ತಿಯ ಪ್ರಮಾಣವನ್ನು ಬರೆದಿಟ್ಟಿರುತ್ತಾರೆ; ಅದನ್ನು ತೋರಿಸಿರೆಂದು ಕೇಳಿ. ಮುಂದಿನ ಸಲ ಮೊದಲು ಮರೆಯಲ್ಲಿರುವ ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿಸಿಕೊಂಡು ಆಮೇಲೆ ಮುಂದುವರಿಯಿರಿ. ಅದಕ್ಕೂ ಒಪ್ಪದಿದ್ದರೆ ಜಾಗ ಬದಲಿಸುವುದು ಮೇಲು.

ಪ್ರಶ್ನೆ: ನಿನ್ನೆ ಕಂಕುಳಿಗೆ ಮಾಡಿಸಿದೆ. ಪ್ರತಿ ಕೂದಲಿನ ಸುತ್ತ ಕೆಂಪಗೆ ಸಣ್ಣ ಉಬ್ಬುಗಳೆದ್ದಿವೆ, ಬಿಸಿಲಿಗೆ ಸುಟ್ಟಂತೆ ಉರಿಯುತ್ತಿದೆ. ಗಾಬರಿಪಡಬೇಕೇ?

ಉತ್ತರ: ಬೇಡ. ಆ ಉಬ್ಬುಗಳು ಕೂದಲಿನ ಬುಡಕ್ಕೆ ಶಾಖ ಮುಟ್ಟಿದೆ ಎಂಬುದರ ಗುರುತು. ಕೆಲವು ಗಂಟೆಗಳಿಂದ ಒಂದೆರಡು ದಿನಗಳೊಳಗೆ ಇಳಿಯುತ್ತವೆ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಐದು ನಿಮಿಷ ಇಟ್ಟು ತೆಗೆಯುತ್ತಿರಿ, ಆದರೆ ಐಸನ್ನು ನೇರವಾಗಿ ಚರ್ಮಕ್ಕೆ ಒತ್ತಬೇಡಿ. ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಸಾಕು. ಎರಡು ದಿನ ಬಿಸಿನೀರಿನ ಸ್ನಾನ, ಡಿಯೋಡರೆಂಟ್, ಬಿಗಿಯಾದ ತೋಳಿನ ಉಡುಪು, ಬೆವರು ಹರಿಯುವಂಥ ವ್ಯಾಯಾಮ ಇವನ್ನು ದೂರವಿಡಿ. ಒಂದು ವಾರದಿಂದ ಮೂರು ವಾರಗಳೊಳಗೆ ಸತ್ತ ಕೂದಲು ಮೇಲೆದ್ದು ಉದುರುತ್ತದೆ, ಅದನ್ನು ಕೀಳಬೇಡಿ.

ನೀರು ತುಂಬಿದ ಗುಳ್ಳೆಗಳೆದ್ದರೆ, ಹೊಡೆತ ಬಿದ್ದಲ್ಲಿ ಚರ್ಮ ಬೂದು ಬಣ್ಣಕ್ಕೆ ತಿರುಗಿದ್ದರೆ, ಕೀವು ಕಂಡರೆ, ಅಥವಾ ಮೂರನೆಯ ದಿನಕ್ಕೆ ಉರಿ ಇಳಿಯುವ ಬದಲು ಏರುತ್ತಿದ್ದರೆ ಚರ್ಮರೋಗ ತಜ್ಞರನ್ನು ಕಾಣಿ. ಹೋಗುವವರೆಗೆ ಗುಳ್ಳೆಯನ್ನು ಒಡೆಯಬೇಡಿ, ಟೂತ್‌ಪೇಸ್ಟ್ ಹಚ್ಚಬೇಡಿ.

ಪ್ರಶ್ನೆ: ಹದಿನಾರರ ಮಗಳು ತುಟಿಯ ಮೇಲಿನ ಕೂದಲಿಗೆ ಲೇಸರ್ ಬೇಕೆಂದು ಹಟ ಹಿಡಿದಿದ್ದಾಳೆ, ಆದರೆ ಸೂಜಿ ಕಂಡರೂ ಹೆದರುವ ಹುಡುಗಿ. ಏನು ಮಾಡಲಿ?

ಉತ್ತರ: ಮೊದಲು ಆಕೆಯ ಮುಟ್ಟು ಸರಿಯಾಗಿದೆಯೇ ಎಂದು ನೋಡಿ. ಹಾರ್ಮೋನಿನ ಏರುಪೇರಿದ್ದರೆ ಹೊಸ ಕೂದಲು ಬರುತ್ತಲೇ ಇರುವುದರಿಂದ ಅದರ ಚಿಕಿತ್ಸೆ ಮೊದಲಾಗಬೇಕು. ಅದಾದ ಮೇಲೂ ಆಕೆಗೆ ಬೇಕೆನಿಸಿದರೆ, ಮೊದಲ ದಿನ ಎರಡು ಮೂರು ಹೊಡೆತಗಳ ಪರೀಕ್ಷೆಯನ್ನಷ್ಟೇ ಮಾಡಿಸಿ ಮನೆಗೆ ಕರೆದುಕೊಂಡು ಬನ್ನಿ. ಕಣ್ಣಿಗೆ ಕವಚ ಹಾಕುವಾಗ ಕತ್ತಲಾಗುತ್ತದೆ, ಬೆಳಕು ಹಲ್ಲಿಗೆ ತಾಗದಂತೆ ತುಟಿಯ ಒಳಗೆ ಒದ್ದೆ ಹತ್ತಿಬಟ್ಟೆ ಇಡಬಹುದು, ಹೊಡೆತದ ಜೊತೆಗೆ ಯಂತ್ರ ಸದ್ದು ಮಾಡುತ್ತದೆ ಎಂಬುದನ್ನೆಲ್ಲ ಮುಂಚೆಯೇ ತಿಳಿಸಿ. ನೋವಾಗುವುದಿಲ್ಲವೆಂದು ಮಾತ್ರ ಹೇಳಬೇಡಿ. ಆಕೆ ಕೈಯೆತ್ತಿದರೆ ನಿಲ್ಲಿಸುವುದಾಗಿ ಯಂತ್ರ ಹಿಡಿದವರಿಂದ ಆಕೆಯ ಎದುರಿಗೇ ಮಾತು ಪಡೆದುಕೊಳ್ಳಿ.