ಹಳೇ ಯೆಜ್ಡಿಯ ಪಿಸ್ಟನ್ ರಿಂಗ್ ಕಚ್ಚಿಕೊಂಡಿದೆ, ಬಿಡಿಸುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ತಾತನ ಕಾಲದ ಯೆಜ್ಡಿ 250 ಬೈಕ್ ಪಾಂಡವಪುರದ ಮನೆಯ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿದೆ, ಕಿಕ್ ಕೆಳಗಿಳಿಯುತ್ತಿಲ್ಲ, ಮೆಕ್ಯಾನಿಕ್ ರಿಂಗ್ ಜಾಮ್ ಅಂದಿದ್ದಾರೆ. ಪ್ಲಗ್ ತೂತಿಗೆ ಡೀಸೆಲ್ ಸುರಿದು ಬಿಟ್ಟರೆ ಸಾಕಾ, ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್) ಬಿಚ್ಚಲೇಬೇಕಾ?

ಬಿಚ್ಚಲೇಬೇಕು. ಡೀಸೆಲ್ಲಿಗೂ ಕೆಲಸ ಇದೆ, ಆದರೆ ಅದು ಬಿಚ್ಚುವುದಕ್ಕೆ ಮುಂಚಿನ ಕೆಲಸ.

ರಿಂಗ್ ಎರಡು ಕಡೆ ಕಚ್ಚಿಕೊಳ್ಳುತ್ತದೆ. ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡಿನೊಳಗೆ ಮಸಿ, ಸುಟ್ಟ ಆಯಿಲ್ ಗಟ್ಟಿಯಾಗಿ ಕಚ್ಚಿಕೊಂಡರೆ ಇಂಜಿನ್ ತಿರುಗುತ್ತದೆ, ಕಂಪ್ರೆಶನ್ ಮಾತ್ರ ಇರುವುದಿಲ್ಲ. ತಳ್ಳಿದರೆ ಸ್ಟಾರ್ಟ್, ಕಿಕ್‌ಗೆ ಇಲ್ಲ ಅನ್ನುವ ಕೇಸು ಇದೇ. ಬೀಡು ಕಬ್ಬಿಣದ ಬೋರಿನ, ಅಂದರೆ ಸಿಲಿಂಡರಿನ ಒಳಗಿನ, ಗೋಡೆಗೆ ತುಕ್ಕು ಹಿಡಿದು ಕಚ್ಚಿಕೊಂಡರೆ ಇಂಜಿನ್ ಅಲ್ಲಾಡುವುದೇ ಇಲ್ಲ. ನಿಮ್ಮದು ಎರಡನೆಯದು. ಅಷ್ಟು ವರ್ಷ ನಿಂತ ಟೂ ಸ್ಟ್ರೋಕಿನಲ್ಲಿ ಮೊದಲನೆಯದೂ ಜೊತೆಗೆ ಇದ್ದೇ ಇರುತ್ತದೆ ಅಂದುಕೊಳ್ಳಿ.

ಮೊದಲ ಮಾತು, ಕಿಕ್ಕರ್ ಮೇಲೆ ನಿಂತು ಕುಣಿಯಬೇಡಿ. ಈ ಗಾಡಿಯಲ್ಲಿ ಗೇರ್ ಲಿವರೇ ಕಿಕ್ಕರ್. ಜಾಮ್ ಆದ ಇಂಜಿನ್ ಮೇಲೆ ದೇಹದ ಭಾರ ಬಿಟ್ಟರೆ ಒಳಗಿನ ಹಲ್ಲು ಹೋಗುತ್ತದೆ, ಆಮೇಲೆ ರಿಂಗ್ ಕೆಲಸದ ಜೊತೆ ಗೇರ್‌ಬಾಕ್ಸ್ ಕೆಲಸವೂ ಸೇರುತ್ತದೆ.

ಎರಡೂ ಸೈಲೆನ್ಸರ್ ಪೈಪ್ ಬಿಚ್ಚಿ, ಎಕ್ಸಾಸ್ಟ್ ಪೋರ್ಟಿನೊಳಕ್ಕೆ (ಹೊಗೆ ಹೊರಬರುವ ತೂತು) ಟಾರ್ಚ್ ಬಿಡಿ. ಪಿಸ್ಟನ್ ಎಲ್ಲಿ ನಿಂತಿದೆ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಪೋರ್ಟಿನಲ್ಲಿ ಪಿಸ್ಟನ್ನಿನ ಪಕ್ಕೆ ಕಂಡರೆ ಪಿಸ್ಟನ್ ಮೇಲಿದೆ, ಪ್ಲಗ್ ತೂತಿನಿಂದ ಸುರಿದ ಎಣ್ಣೆ ತಲೆಯ ಮೇಲೇ ನಿಲ್ಲುತ್ತದೆ. ಪೋರ್ಟ್ ತೆರೆದುಕೊಂಡು ಒಳಗಿನ ಬೋರ್ ಕಂಡರೆ ಪಿಸ್ಟನ್ ಕೆಳಗಿದೆ; ಆಗ ಸುರಿದದ್ದು ಒಂದಷ್ಟು ಪೈಪಿನ ಕಡೆ ಸೋರಿ, ಮಿಕ್ಕಿದ್ದು ಪೆಟ್ರೋಲ್ ಮಿಶ್ರಣ ಮೇಲೇರುವ ಟ್ರಾನ್ಸ್‌ಫರ್ ಪೋರ್ಟ್ ಹಿಡಿದು ಇಂಜಿನ್ನಿನ ಕೆಳಭಾಗದ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ನಾಲ್ಕು ಸ್ಟ್ರೋಕ್ ಇಂಜಿನ್ನಿಗೆ ಹೇಳುವ ಸಲಹೆಗಳು ಇಲ್ಲಿ ಕೈಕೊಡುವುದು ಇದಕ್ಕೇ.

ಪಿಸ್ಟನ್ ಮೇಲಿದ್ದರೆ 50 ಮಿ.ಲೀ. ಡೀಸೆಲ್ಲಿಗೆ ಅಷ್ಟೇ 2ಟಿ (ಟೂ ಸ್ಟ್ರೋಕ್) ಆಯಿಲ್ ಬೆರೆಸಿ ಸುರಿದು, ಪ್ಲಗ್ ಕೈಯಲ್ಲೇ ತಿರುಗಿಸಿ ಮುಚ್ಚಿ, ಮೂರು ನಾಲ್ಕು ದಿನ ಬಿಡಿ. ಕೆಳಗಿದ್ದರೆ ಹೆಡ್ ಎತ್ತಿ, ಪಿಸ್ಟನ್ನಿನ ಅಂಚಿನ ಸುತ್ತ ಅದೇ ಮಿಶ್ರಣವನ್ನು ಚಮಚದಲ್ಲಿ ದಿನಕ್ಕೆರಡು ಸಲ ಬಿಟ್ಟರೆ ಸಾಕು. ಎಟಿಎಫ್ (ಆಟೋಮ್ಯಾಟಿಕ್ ಗೇರಿನ ಆಯಿಲ್) ಮತ್ತು ಅಸಿಟೋನ್ ಸಮ ಸಮ ಬೆರೆಸಿದ್ದು ಇದಕ್ಕಿಂತ ಬೇಗ ಇಳಿಯುತ್ತದೆ ಅನ್ನುವುದು ನಿಜ, ಆದರೆ ಅದು ಕ್ರ್ಯಾಂಕ್‌ಕೇಸಿಗೆ ಇಳಿದರೆ ಕ್ರ್ಯಾಂಕಿನ ಆಯಿಲ್ ಸೀಲ್ ರಬ್ಬರ್ ಹಾಳು. ಅದನ್ನು ಪಿಸ್ಟನ್ ಹೊರಗೆ ಬಂದ ಮೇಲೆ ಬಳಸಿ, ಒಲೆ, ಬೀಡಿ ಹತ್ತಿರ ಇಲ್ಲದ ಕಡೆ.

ನೆನೆದ ಮೇಲೆ ಟಾಪ್ ಗೇರಿಗೆ ಹಾಕಿ, ಪ್ಲಗ್ ತೆಗೆದು, ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತೂಗಿ. ಒಂದೇ ಕಡೆ ಬಲ ಹಾಕುವುದಕ್ಕಿಂತ ಎರಡೂ ಕಡೆ ಕೂದಲೆಳೆಯಷ್ಟು ಆಡಿಸುವುದು ಮುಖ್ಯ. ತುಕ್ಕು ಪುಡಿಯಾಗಿ ಎಣ್ಣೆಗೆ ದಾರಿ ಬಿಡುವುದು ಹಾಗೆ. ಬಲಗಡೆ ಡೈನಮೋ ಆರ್ಮೇಚರ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಳೆಯುವವರಿದ್ದಾರೆ. ಆ ಬೋಲ್ಟ್ ಆರ್ಮೇಚರ್ ಹಿಡಿಯುವುದಕ್ಕೆ, ಇಂಜಿನ್ ತಿರುಗಿಸುವುದಕ್ಕಲ್ಲ.

ಅಷ್ಟಕ್ಕೂ ಬಗ್ಗದಿದ್ದರೆ, ಪಿಸ್ಟನ್ ಪೋರ್ಟುಗಳನ್ನೆಲ್ಲ ಮುಚ್ಚಿ ನಿಂತಿದ್ದಲ್ಲಿ ಗ್ರೀಸ್ ಗನ್ ಇದೆ: ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಚಿಪ್ಪಿಗೆ ಗ್ರೀಸ್ ನಿಪ್ಪಲ್ ವೆಲ್ಡ್ ಮಾಡಿಸಿ, ಹೆಡ್ ಬಿಗಿದಿರುವಾಗಲೇ ಗ್ರೀಸ್ ತುಂಬಿ ಒತ್ತಿ. ಸುತ್ತಿಗೆ ಏಟಿಗೆ ಬಾರದ್ದು ಈ ಸಮನಾದ ಒತ್ತಡಕ್ಕೆ ಇಳಿಯುತ್ತದೆ. ಗ್ರೀಸ್ ಒರೆಸುವುದು ಮಾತ್ರ ಬೇಸರದ ಕೆಲಸ. ಪಿಸ್ಟನ್ ಕೆಳಗಿದ್ದರೆ ಬ್ಲಾಕನ್ನೇ ಮೇಲಕ್ಕೆತ್ತಿ, ಪಿಸ್ಟನ್ನೂ ಜೊತೆಗೇ ಬರುತ್ತದೆ. ಕನೆಕ್ಟಿಂಗ್ ರಾಡ್ ಮೇಲಿನ ಮಿತಿ ಮುಟ್ಟಿದ ಮೇಲೆ ಬ್ಲಾಕಿನ ಬುಡಕ್ಕೆ ಮರದ ತುಂಡಿಟ್ಟು ಸುತ್ತಲೂ ತಟ್ಟುತ್ತಾ ಬಿಡಿಸಿ. ಫಿನ್ನಿನ ಕೆಳಗೆ ಟೈರ್ ಲಿವರ್ ತೂರಿಸಿದರೆ ಫಿನ್ ಮುರಿಯುತ್ತದೆ.

ಬ್ಲಾಕ್ ಬಂದ ತಕ್ಷಣ ಕ್ರ್ಯಾಂಕ್‌ಕೇಸ್ ಬಾಯಿಗೆ ಒಗೆದ ಬಟ್ಟೆ ತುರುಕಿ. ಪಿಸ್ಟನ್ನನ್ನು ರಾಡಿಗೆ ಸೇರಿಸುವ ಗಜನ್ ಪಿನ್ನಿನ ಲಾಕ್ ಅದರೊಳಗೆ ಬಿದ್ದರೆ ಇಂಜಿನ್ ಪೂರ್ತಿ ಬಿಚ್ಚಬೇಕಾದೀತು. ಪಿನ್ ಬಾರದಿದ್ದರೆ ಕುದಿಯುವ ನೀರಿನಲ್ಲದ್ದಿದ ಬಟ್ಟೆಯನ್ನು ಪಿಸ್ಟನ್ನಿಗೆ ಸುತ್ತಿ ಎರಡು ನಿಮಿಷ ಬಿಟ್ಟು ತಳ್ಳಿ.

ಈಗ ತೋಡಿನೊಳಗೆ ಕೂತ ರಿಂಗ್. ಇಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ: ರಿಂಗ್ ಉಳಿಸುವ ಆಸೆ ಬೇಡ, ಉಳಿಸಬೇಕಾದ್ದು ಪಿಸ್ಟನ್ನಿನ ತೋಡು. ಪಿಸ್ಟನ್ನನ್ನು ಆಗ ಹೇಳಿದ ಎಟಿಎಫ್-ಅಸಿಟೋನ್ ಮಿಶ್ರಣದಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಸೋಪಿನ ಪುಡಿ ಹಾಕಿದ ನೀರಿನಲ್ಲಿ ಕುದಿಸಿ. ಅಲ್ಯೂಮಿನಿಯಂ ಬೀಡು ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಕಾದಾಗ, ಆರಿದಾಗ ಮಸಿಯ ಹಿಡಿತ ಬಿರುಕು ಬಿಡುತ್ತದೆ. ಎರಡು ಮೂರು ಸಲ ಹೀಗೆ ಮಾಡಿ, ಮರದ ಹಿಡಿಯಿಂದ ರಿಂಗಿನ ಸುತ್ತ ತಟ್ಟಿ. ತುದಿಗಳ ಪಕ್ಕದಲ್ಲಿ 0.05 ಮಿ.ಮೀ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ಎಲೆ ತೂರಿಸಿ, ಮೆಲ್ಲಗೆ ಸುತ್ತಲೂ ಓಡಿಸಿದರೆ ಎದ್ದು ಬರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ತೋಡಿನ ಅಂಚು ಮುಕ್ಕಾಗುತ್ತದೆ, ಹೊಸ ರಿಂಗ್ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಕಾಸ್ಟಿಕ್ ಸೋಡಾದಲ್ಲಿ ಮಾತ್ರ ಪಿಸ್ಟನ್ ಮುಳುಗಿಸಬೇಡಿ. ಸೈಲೆನ್ಸರಿನ ಮಸಿ ತೆಗೆಯುವುದಕ್ಕೆ ಅದು ಚೆನ್ನ, ಕಬ್ಬಿಣಕ್ಕೆ ಏನೂ ಆಗದು. ಅಲ್ಯೂಮಿನಿಯಮ್ಮನ್ನು ಕಣ್ಣೆದುರೇ ನೊರೆ ಬರಿಸಿ ತಿನ್ನುತ್ತದೆ, ಬೆಂಕಿ ಹಿಡಿಯುವ ಗ್ಯಾಸೂ ಬಿಡುತ್ತದೆ.

ತೋಡು ಸವರುವುದಕ್ಕೆ ಮುರಿದ ಹಳೇ ರಿಂಗೇ ಒಳ್ಳೆಯ ಸಾಧನ. ತುದಿಯನ್ನು ಅರದಲ್ಲಿ ಚೌಕಕ್ಕೆ ಉಜ್ಜಿಕೊಂಡು ಕಪ್ಪು ಬರುವಷ್ಟೇ ಕೆರೆಯಿರಿ. ಬೆಳ್ಳಗೆ ಹೊಳೆಯುವ ಪುಡಿ ಬರತೊಡಗಿದರೆ ಪಿಸ್ಟನ್ನನ್ನೇ ಕೆರೆಯುತ್ತಿದ್ದೀರಿ, ನಿಲ್ಲಿಸಿ. ತೋಡಿನೊಳಗೆ ರಿಂಗ್ ತಿರುಗದಂತೆ ತಡೆಯುವ ಸಣ್ಣ ಪಿನ್ ಇದೆಯಲ್ಲ, ಅದರ ಅಕ್ಕಪಕ್ಕದ ಮಸಿಯನ್ನು ಸೂಜಿಯಲ್ಲಿ ಬಿಡಿಸಿ, ಪಿನ್ ಅಲ್ಲಾಡುತ್ತದಾ ನೋಡಿ. ಅಲ್ಲಾಡಿದರೆ ಆ ಪಿಸ್ಟನ್ ಬಿಸಾಡಿ. ಓಡುವಾಗ ಅದು ಬಿದ್ದರೆ ಬೋರನ್ನು ಗೀರಿಹಾಕುತ್ತದೆ.

ಯೆಜ್ಡಿ ಮಾಡುತ್ತಿದ್ದ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಈಗ ಮೈಸೂರಿನ ಅಂಗಡಿಗಳಲ್ಲಿ ಸಿಗುವ ರಿಂಗು ಬೇರೆ ಬೇರೆಯವರು ಮಾಡಿದ್ದು, ಹಾಗಾಗಿ ಪ್ಯಾಕೆಟ್ ಮೇಲಿನ ಸೈಜ್ ನಂಬದೆ ಅಳೆಯಿರಿ. ಬರೀ ರಿಂಗನ್ನು ಬೋರಿಗಿಟ್ಟು, ಪಿಸ್ಟನ್ ತಲೆಯಿಂದ 20 ಮಿ.ಮೀ. ಕೆಳಗೆ ನೇರಕ್ಕೆ ತಳ್ಳಿ, ತುದಿಗಳ ಸಂದಿಗೆ ಫೀಲರ್ ಹಾಕಿ. 65 ಮಿ.ಮೀ. ಬೋರಿಗೆ 0.20ರಿಂದ 0.30 ಇರಲಿ. ಕಡಿಮೆಯಿದ್ದರೆ ತುದಿ ಉಜ್ಜಿ. ಹಾಗೇ ಹಾಕಿದರೆ ಬಿಸಿಗೆ ತುದಿಗಳು ಒಂದಕ್ಕೊಂದು ಒತ್ತಿ ಇಂಜಿನ್ ಸೀಜ್ ಆಗುತ್ತದೆ. ಹೊಸ ರಿಂಗಿಗೇ 0.8 ದಾಟಿದರೆ ಬೋರ್ ಸವೆದಿದೆ, ನಿಮ್ಮ ಮೆಕ್ಯಾನಿಕ್ ರೀಬೋರ್ (ಬೋರನ್ನು ಕೊರೆದು ಅಗಲಿಸುವುದು) ಅಂದರೆ ಆಗ ಒಪ್ಪಿ. ರಿಂಗ್ ನಿಂತಿದ್ದ ಜಾಗದಲ್ಲಿ ಬೋರಿಗೆ ಸುತ್ತ ತುಕ್ಕಿನ ಗೆರೆ ಇರುತ್ತದೆ. ಉಗುರಿಗೆ ತಗಲದಿದ್ದರೆ ಹೋನಿಂಗ್ (ಸಾಣೆಕಲ್ಲಿನಲ್ಲಿ ತೆಳುವಾಗಿ ಉಜ್ಜುವುದು) ಸಾಕು, ತಗಲಿದರೆ ರೀಬೋರೇ. ಹೋನ್ ಆದ ಬ್ಲಾಕನ್ನು ಪೆಟ್ರೋಲಿನಲ್ಲಿ ತೊಳೆದರೆ ಸಾಲದು, ಬಿಸಿ ಸೋಪಿನ ನೀರಿನಲ್ಲಿ ಉಜ್ಜಿ, ಬಿಳಿ ಬಟ್ಟೆಗೆ ಕಪ್ಪು ಹತ್ತದ ತನಕ. ಒಣಗಿಸಿ ತಕ್ಷಣ ಆಯಿಲ್ ಸವರಿ.

ಬ್ಲಾಕ್ ಕೂರಿಸುವ ಮುಂಚೆ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿ. ಟಕ್ ಅಂದರೆ ಬಿಗ್ ಎಂಡ್ (ರಾಡಿನ ಕೆಳತುದಿಯ ಬೇರಿಂಗ್) ಹೋಗಿದೆ. ಕ್ರ್ಯಾಂಕ್ ತಿರುಗಿಸುವಾಗ ಮರಳು ಅರೆದಂತೆ ಕೈಗೆ ತಿಳಿದರೆ ಬೇರಿಂಗಿಗೂ ತುಕ್ಕು. ರಿಂಗ್ ಸರಿಮಾಡಿ ಇದನ್ನು ಬಿಟ್ಟವರ ಗಾಡಿ ವಾರಕ್ಕೇ ಮತ್ತೆ ಗ್ಯಾರೇಜಿಗೆ ಬರುತ್ತದೆ.

ಪಿಸ್ಟನ್ ತಲೆಯ ಬಾಣದ ಗುರುತು ಎಕ್ಸಾಸ್ಟ್ ಕಡೆಗಿರಲಿ, ಲಾಕ್ ಎರಡೂ ಹೊಸದು ಹಾಕಿ. ರಿಂಗಿನ ತುದಿಗಳನ್ನು ತೋಡಿನ ಸಣ್ಣ ಪಿನ್ನಿನ ಎರಡೂ ಬದಿಗೆ ಕೂರಿಸಿ, ಬೆರಳಲ್ಲಿ ಒತ್ತಿ ಬ್ಲಾಕ್ ನೇರ ಇಳಿಸಿ. ಇಳಿಸುವಾಗ ಎಡಕ್ಕೆ ಬಲಕ್ಕೆ ತಿರುಗಿಸಿದರೆ ರಿಂಗಿನ ತುದಿ ಪೋರ್ಟಿನ ಕಿಟಕಿಯೊಳಗೆ ಹೊರಳಿ ಮುರಿಯುತ್ತದೆ.

ನಾನಾದರೆ ಮೊದಲ 500 ಕಿ.ಮೀ. ಲೀಟರಿಗೆ 50 ಮಿ.ಲೀ. 2ಟಿ, ಆಮೇಲೆ 40 ಹಾಕುತ್ತೇನೆ. ಕಾರಿನ ಇಂಜಿನ್ ಆಯಿಲ್ ಬೆರೆಸಿದರೆ ಅದು ಸುಟ್ಟು ಬೂದಿ ಕಟ್ಟಿ ತೋಡಿನಲ್ಲೇ ಕೂರುತ್ತದೆ. ಮೊದಲ ಸ್ಟಾರ್ಟಿಗೆ ವಿಪರೀತ ಹೊಗೆ ಬರುತ್ತದೆ, ನೆನೆಸಿದ ಎಣ್ಣೆ ಸುಡುವುದು ಅದು. ಪ್ಲಗ್ ಒದ್ದೆಯಾಗಿ ಕೈಕೊಡಬಹುದು, ಇನ್ನೊಂದು ಪ್ಲಗ್ ಜೇಬಿನಲ್ಲಿರಲಿ.