ರಾಜಕಾಲುವೆಗೆ ಕಾಂಕ್ರೀಟ್ ಹಾಕಿದರೆ ಮನೆಗೆ ನೀರು ನುಗ್ಗೋದು ನಿಲ್ಲುತ್ತಾ?

ಪ್ರಶ್ನೆ: ನಮ್ಮ ಬಡಾವಣೆ ಹಿಂದೆ ರಾಜಕಾಲುವೆ ಇದೆ. ಜೋರು ಮಳೆ ಬಂದರೆ ನೀರು ಮನೆಯೊಳಗೆ ಬರುತ್ತದೆ. ಎರಡೂ ಕಡೆ ಕಾಂಕ್ರೀಟ್ ಗೋಡೆ ಕಟ್ಟಿಸಿ ಅಂತ ಅರ್ಜಿ ಕೊಡೋಣವಾ? – ಓದುಗರು, ತುಮಕೂರು

ಉತ್ತರ: ಸ್ವಲ್ಪ ತಡೆಯಿರಿ. ನುಣುಪಾದ ಕಾಂಕ್ರೀಟಿನಲ್ಲಿ ನೀರು ಬೇಗ ಓಡುತ್ತದೆ, ನಿಜ. ಆದರೆ ಮುಂದೆ ಮೋರಿ ಕಿರಿದಾಗಿದ್ದರೆ ಅಲ್ಲಿ ಒಮ್ಮೆಲೇ ಸೇರಿ ಉಕ್ಕುತ್ತದೆ. ನಿಮ್ಮ ಕಷ್ಟ ಕೆಳಗಿನ ಬೀದಿಯವರಿಗೆ ಹೋಯಿತು, ಅಷ್ಟೇ ಅಲ್ವಾ?

ಮೊದಲು ಹಳೇ ಗ್ರಾಮ ನಕ್ಷೆ ತೆಗೆಸಿ ಕಾಲುವೆಯ ನಿಜವಾದ ಅಗಲ ನೋಡಿ, ಒತ್ತುವರಿ ಆಗಿದ್ದರೆ ಅದನ್ನು ಬಿಡಿಸದೆ ಮಿಕ್ಕಿದ್ದೆಲ್ಲ ಮಾಡಿ ಜಾಸ್ತಿ ಪ್ರಯೋಜನವಿಲ್ಲ. ಜಾಗ ಸಿಕ್ಕ ಕಡೆ ದಂಡೆಯನ್ನು ಇಳಿಜಾರಾಗಿ ಮಣ್ಣಲ್ಲೇ ಬಿಡಬೇಕು. ಉಕ್ಕಿದ ನೀರು ಅಲ್ಲಿ ಹರಡಿ, ನಿಂತು, ಒಂದಷ್ಟು ಇಂಗುತ್ತದೆ. ಲಾವಂಚದ ಬೇರು ಮಣ್ಣನ್ನು ಹಿಡಿಯುತ್ತದೆ. ಮೇಲೆ ಹೊಂಗೆ, ನೇರಳೆ, ಅತ್ತಿ ನೆಟ್ಟರೆ ಹಕ್ಕಿಗಳು ತಾವಾಗಿಯೇ ಬರುತ್ತವೆ. ಒಳಚರಂಡಿ ನೀರು ಕಾಲುವೆಗೆ ಬೀಳುತ್ತಿದ್ದರೆ ಮಾತ್ರ ಕಪ್ಪೆ, ಮೀನು ಯಾವುದೂ ಉಳಿಯಲ್ಲ.

ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಚೊಂಗ್ಯೆಚೊನ್ ಎಂಬ ಹೊಳೆಯ ಮೇಲಿದ್ದ ಮೇಲ್ಸೇತುವೆ ರಸ್ತೆಯನ್ನೇ ಕೆಡವಿ, 2005ರಲ್ಲಿ ಹೊಳೆಯನ್ನು ಮತ್ತೆ ತೆರೆದರು. ಚೆನ್ನಾಗಿದೆ, ಆದರೆ ಅಲ್ಲಿ ಹರಿಯೋ ನೀರಿನಲ್ಲಿ ಬಹುಪಾಲು ಪಂಪ್ ಮಾಡಿ ತಂದದ್ದು! ನಮಗೆ ಅಂಥ ಖರ್ಚು ಬೇಡ. ಮುಂಗಾರಿಗೆ ಮುಂಚೆ ಹೂಳು, ಪ್ಲಾಸ್ಟಿಕ್ ತೆಗೆಸಿ, ನೀರು ಕೆರೆ ಸೇರೋ ದಾರಿ ತೆರೆದಿದೆಯಾ ನೋಡಿ. ಅರ್ಜಿಯಲ್ಲಿ ಇದನ್ನೇ ಮೊದಲು ಬರೆಯಿರಿ.