ಕೇಳದಿದ್ದರೂ ಹೇಳಬೇಕಾದದ್ದು

ಬಳ್ಳಾರಿಯ ಕೌಲ್ ಬಜಾರ್‌ನಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರವನ್ನು ಸ್ವಲ್ಪ ಚಿಕ್ಕದು ಮಾಡಿ ಕೊಡುತ್ತಿದ್ದೇನೆ.

"ನಾಲ್ಕು ವರ್ಷದಿಂದ ಹಳೆಯ ಕಾಮಿಕ್ಸ್, ಮಕ್ಕಳ ಪತ್ರಿಕೆ ಕೊಂಡು ಆನ್‌ಲೈನ್‌ನಲ್ಲಿ ಮಾರುತ್ತಿದ್ದೇನೆ. ರಾಯಚೂರಿನವರೊಬ್ಬರಿಗೆ ಒಂದು ಇಂದ್ರಜಾಲ ಕಾಮಿಕ್ಸ್ 1,800 ರೂಪಾಯಿಗೆ ಮಾರಿದೆ. 'ಗುಡ್ ಕಂಡೀಷನ್' ಎಂದು ಹಾಕಿದ್ದೆ. ನಡುವಿನ ಹಾಳೆ ಇಲ್ಲ, ಬೆನ್ನಿಗೆ ಟೇಪ್ ಹಚ್ಚಿದೆ ಎಂದು ಈಗ ದುಡ್ಡು ವಾಪಸ್ ಕೇಳುತ್ತಿದ್ದಾರೆ. ನನಗೆ ಅದು ಗೊತ್ತಿತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಇನ್ನೊಂದು ವಿಷಯ. ಕೊಪ್ಪಳದ ಒಬ್ಬ ಅಮ್ಮನ ಮನೆಯಿಂದ 40 ಚಂದಮಾಮ 600 ರೂಪಾಯಿಗೆ ತಂದೆ. ತೀರಿಕೊಂಡ ಅವರ ಯಜಮಾನರು ಮಾಸ್ತರರಾಗಿದ್ದರಂತೆ. 'ಇದಕ್ಕೆ ಎಷ್ಟು ಬರ್ತದಪ್ಪಾ' ಎಂದರು. 'ರದ್ದಿ ರೇಟೇ ಅಮ್ಮಾ' ಎಂದೆ. ಅದರಲ್ಲಿ 11 ಸಂಚಿಕೆ 9,000ಕ್ಕೆ ಹೋದವು. ಅವರ ಮಗನಿಗೆ ಗೊತ್ತಾಗಿ ಮೋಸಗಾರ ಎಂದು ಮೆಸೇಜ್ ಹಾಕಿದ್ದಾನೆ. ಆ ಮನೆಯಲ್ಲಿ ಇನ್ನೂ ಒಂದು ಟ್ರಂಕ್ ಪುಸ್ತಕ ಇದೆ, ಇನ್ನು ತೋರಿಸುತ್ತಾರೋ ಇಲ್ಲವೋ. ನಾನು ಯಾರ ಜೇಬಿಗೂ ಕೈ ಹಾಕಿಲ್ಲ. ವ್ಯಾಪಾರ ಅಂದ್ರೆ ಇದೇ ಅಲ್ವಾ?"

ಪ್ರಿಯ ಓದುಗರೇ,

ನಡೆದದ್ದನ್ನು ಮುಚ್ಚಿಡದೆ ಬರೆದಿದ್ದೀರಿ. ಅದಕ್ಕೇ ನಾನೂ ಮುಚ್ಚಿಡದೆ ಹೇಳುತ್ತೇನೆ. ಎರಡೂ ಕಡೆ ತಪ್ಪು ನಿಮ್ಮದೇ. ಆದರೆ ಎರಡು ತಪ್ಪೂ ಒಂದೇ ತೂಕದವಲ್ಲ.

ಮೊದಲು ರಾಯಚೂರಿನದು. ಇಂದ್ರಜಾಲ 1964ರ ಮಾರ್ಚ್‌ನಲ್ಲಿ ಶುರುವಾಗಿ 1990ರಲ್ಲಿ ನಿಂತಿತು. ಮೊದಲ ಸಂಚಿಕೆಯಲ್ಲಿ ಬಂದವನು ಮುಖವಾಡದ ವೀರ ಫ್ಯಾಂಟಮ್. ಅದನ್ನು ಇವತ್ತು ಹುಡುಕಿ ಕೊಳ್ಳುವವರು ಸಾಮಾನ್ಯವಾಗಿ ಆಗ ಓದಿ, ಕಳೆದುಕೊಂಡು, ಮತ್ತೆ ಬೇಕು ಅನ್ನಿಸಿದವರು. ಹಾಳೆಗಳನ್ನು ನಡುವೆ ಮಡಚಿ ಪಿನ್ ಹೊಡೆದ ಪುಸ್ತಕದಲ್ಲಿ ನಡುವಿನ ಹಾಳೆ ಬಿದ್ದರೆ ಹೋಗುವುದು ಎರಡು ಪುಟವಲ್ಲ, ನಾಲ್ಕು. ಅಂದರೆ ಕಥೆಯ ಹೊಟ್ಟೆಯೇ ಇಲ್ಲ. 1,800 ರೂಪಾಯಿ ಕೊಟ್ಟವರು ಕವರ್ ಬಿಚ್ಚಿ, ಓದುತ್ತಾ ಬಂದು, ಆ ಜಾಗದಲ್ಲಿ ನಿಂತಾಗ ಹೇಗಾಗಿರಬೇಡ?

ನನಗೂ ಹೀಗೆ ಆಗಿದೆ. ಕೆಲವು ವರ್ಷಗಳ ಹಿಂದೆ ಒಂದು ಮಕ್ಕಳ ಪತ್ರಿಕೆಯ ಇಡೀ ವರ್ಷದ ಬೈಂಡ್ ತರಿಸಿದೆ. ಹತ್ತೇ ತಿಂಗಳ ಸಂಚಿಕೆ ಇದ್ದವು. ಬೈಂಡಿಂಗ್‌ನವರು ಅಂಚು ಕತ್ತರಿಸುವಾಗ ಕೆಲವು ಪುಟಗಳಲ್ಲಿ ಕೊನೆಯ ಸಾಲೂ ಹೋಗಿತ್ತು. ಫೋನ್ ಮಾಡಿದರೆ ಮಾರಿದವರು, "ನೀವು ಕೇಳಲಿಲ್ಲವಲ್ಲ" ಎಂದರು. ದುಡ್ಡಿಗಿಂತ ಆ ಮಾತು ಜಾಸ್ತಿ ನೋಯಿಸಿತು. ಪುಸ್ತಕ ಅವರ ಕೈಯಲ್ಲಿತ್ತು. ನನ್ನ ಕಣ್ಣ ಮುಂದೆ ಇದ್ದದ್ದು ಮೂರು ಫೋಟೋ. ಏನಿಲ್ಲ ಎಂಬುದೇ ಗೊತ್ತಿಲ್ಲದವನು ಏನಂತ ಕೇಳಬೇಕು?

ರದ್ದಿ ಅಂಗಡಿಯಲ್ಲಿ ಕೂತು ಆರಿಸುವಾಗ ನಾವೇ ಪುಟ ತಿರುವಿ ನೋಡುತ್ತೇವೆ. ಅಲ್ಲಿ "ನೋಡಿಕೊಂಡು ತಗೊಳ್ಳಿ" ಅನ್ನುವುದು ಸರಿ. ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ನಿಮ್ಮ ಮಾತೇ ಕಣ್ಣು. ಕಾನೂನೂ ಹೆಚ್ಚುಕಡಿಮೆ ಹೀಗೇ ಹೇಳುತ್ತದೆ. 1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಮಿನ ಪ್ರಕಾರ, ವಿವರಣೆ ಕೊಟ್ಟು ಮಾರಿದ ವಸ್ತು ಆ ವಿವರಣೆಗೆ ಹೊಂದಬೇಕು. ನೀವು ನಾಲ್ಕು ವರ್ಷದಿಂದ ಇದನ್ನೇ ವ್ಯಾಪಾರವಾಗಿ ಮಾಡುತ್ತಿದ್ದೀರಿ, ಹಾಗಾಗಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ನಿಮ್ಮನ್ನು ಮುಟ್ಟುತ್ತದೆ. ದೂರು ಕೊಡಲು ಅವರು ಬಳ್ಳಾರಿಗೆ ಬರಬೇಕಾಗಿಲ್ಲ. ತಾವಿರುವ ರಾಯಚೂರು ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು, ಇಷ್ಟು ಚಿಕ್ಕ ಮೊತ್ತಕ್ಕೆ ಶುಲ್ಕವೂ ಇಲ್ಲ. ಹೆದರಿಸಲು ಇದನ್ನು ಬರೆಯುತ್ತಿಲ್ಲ. ದುಡ್ಡು ವಾಪಸ್ ಕೇಳುವುದು ಅವರ ಹಕ್ಕು ಎಂದು ನಿಮಗೆ ಗೊತ್ತಿರಲಿ.

'ಗುಡ್' ಎಂಬ ಮಾತಿನ ಬಗ್ಗೆ ಒಂದು ವಿಷಯ ಹೇಳಲೇಬೇಕು. ಅಮೆರಿಕದಲ್ಲಿ ಸಿಜಿಸಿ ಎಂಬ ಕಂಪನಿ 2000ದಿಂದ ಕಾಮಿಕ್ಸ್‌ಗಳಿಗೆ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಡುತ್ತಿದೆ. ಆ ಲೆಕ್ಕದಲ್ಲಿ 'ಗುಡ್' ಅಂದರೆ ಬರೀ 2. ಚೆನ್ನಾಗಿ ಸವೆದ, ಮಡಿಕೆ ಬಿದ್ದ ಪುಸ್ತಕ ಎಂದರ್ಥ. 'ನಿಯರ್ ಮಿಂಟ್', ಅಂದರೆ ಹೆಚ್ಚುಕಡಿಮೆ ಹೊಸದರಂತಿರುವುದು, 9.4. ನಿಮ್ಮಂಥ ಹಳಬರಿಗೆ ಇದು ಗೊತ್ತು. ಹೊಸದಾಗಿ ಕೊಳ್ಳುವವರು 'ಗುಡ್' ಅಂದರೆ ಒಳ್ಳೆಯದು ಎಂದೇ ಓದುತ್ತಾರೆ. ಹಾಗೆ ಓದಿದರೆ ತಪ್ಪೇನು? ರಿಪೇರಿ ಮಾಡಿದ ಪುಸ್ತಕಕ್ಕೆ ಅದೇ ಕಂಪನಿ ನೇರಳೆ ಬಣ್ಣದ ಲೇಬಲ್ ಹಚ್ಚುತ್ತದೆ, ದೂರದಿಂದಲೇ ಗೊತ್ತಾಗಲಿ ಎಂದು. ನಮಗೆ ಲೇಬಲ್ ಬೇಡ, ಕನ್ನಡದಲ್ಲಿ ಎರಡು ಸಾಲು ಸಾಕು. "32 ಪುಟದಲ್ಲಿ 28 ಇವೆ. ನಡುವಿನ ಹಾಳೆ ಇಲ್ಲ. ಬೆನ್ನಿಗೆ ಟೇಪ್, ಪಿನ್ ತುಕ್ಕು ಹಿಡಿದಿದೆ, ಮುಖಪುಟದ ಮೇಲೆ ಪೆನ್ನಿನಲ್ಲಿ ಹೆಸರು." ಹೀಗೆ ಬರೆದರೂ ಕೊಳ್ಳುವವರು ಸಿಗುತ್ತಾರೆ, ಬೆಲೆ ಮಾತ್ರ ಇಳಿಯುತ್ತದೆ. ಇಳಿಯಲೇಬೇಕಲ್ವಾ?

ಅಮರ ಚಿತ್ರಕಥೆ ಮಾರುವಾಗಲೂ ಇದೇ ಎಚ್ಚರ ಇರಲಿ. ಈ ಮಾಲೆಯಲ್ಲಿ 'ಕೃಷ್ಣ' ಮೊದಲನೆಯದಲ್ಲ, 11ನೇ ಸಂಖ್ಯೆ. ಅದಕ್ಕಿಂತ ಮುಂಚಿನ ಹತ್ತು, ಪಾಶ್ಚಾತ್ಯ ಕಿನ್ನರ ಕಥೆಗಳು. ಅವು 1960ರ ದಶಕದಲ್ಲಿ ಕನ್ನಡದಲ್ಲೂ ಬಂದಿದ್ದವು. ಆಮೇಲೆ ಈ ಮಾಲೆಯ ಪುಸ್ತಕಗಳು ಎಷ್ಟೋ ಸಲ ಮರುಮುದ್ರಣವಾಗಿವೆ, ಎಷ್ಟೋ ಸಲ ಅದೇ ಮುಖಪುಟದಲ್ಲಿ. ಮೇಲಿನ ಬೆಲೆ, ಒಳಗಿನ ಮುದ್ರಣದ ವಿವರ ನೋಡದೆ 'ಫಸ್ಟ್ ಪ್ರಿಂಟ್' ಎಂದು ಹಾಕಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ.

ಕೊಳ್ಳುವವರಿಗೂ ಜವಾಬ್ದಾರಿ ಇದೆ. 'ತೆಗೆದಿಡಿ, ನಾಳೆ ದುಡ್ಡು ಹಾಕ್ತೀನಿ' ಎಂದು ತಿಂಗಳುಗಟ್ಟಲೆ ಮಾಯವಾಗುವವರಿದ್ದಾರೆ. ಒಳ್ಳೆಯ ಪ್ರತಿ ಇಟ್ಟುಕೊಂಡು ಮನೆಯಲ್ಲಿದ್ದ ಹರಿದದ್ದನ್ನು ವಾಪಸ್ ಕಳಿಸುವವರೂ ಇದ್ದಾರೆ. ಅದು ಕಳ್ಳತನವೇ. ನಿಮ್ಮ ರಾಯಚೂರಿನವರು ಅಂಥವರಲ್ಲ.

ಈಗ ಕೊಪ್ಪಳ. ನನ್ನನ್ನು ಜಾಸ್ತಿ ಕಾಡಿದ್ದು ಇದು. ಕಡಿಮೆಗೆ ಕೊಂಡು ಹೆಚ್ಚಿಗೆ ಮಾರುವುದು ತಪ್ಪು ಎಂದು ನಾನು ಹೇಳಲಾರೆ. ರದ್ದಿ ಅಂಗಡಿಯವರು ಕೆಜಿ ಲೆಕ್ಕದಲ್ಲಿ ತೂಗಿ ಕೊಟ್ಟ ಕಟ್ಟಿನಲ್ಲಿ ನಿಮಗೊಂದು ಅಪರೂಪದ ಸಂಚಿಕೆ ಸಿಕ್ಕರೆ ಅದು ನಿಮ್ಮ ಕಣ್ಣಿನ ಕೂಲಿ. ಅವರು ವ್ಯಾಪಾರಸ್ಥರು, ರೇಟು ಅವರದೇ, ನಿಮ್ಮನ್ನು ಏನೂ ಕೇಳಿಲ್ಲ. ಆ ಅಮ್ಮ ಕೇಳಿದರು. ಎಷ್ಟು ಬರ್ತದಪ್ಪಾ ಎಂದರು. ಆ ಗಳಿಗೆಯಲ್ಲಿ ಅವರು ನಿಮ್ಮನ್ನು ಕೊಳ್ಳುವವನು ಎಂದು ನೋಡಲಿಲ್ಲ, ತಿಳಿದವನು ಎಂದು ನೋಡಿದರು. ನೀವು ಸುಮ್ನೆ ಇದ್ದರೂ ಒಂದು ಮಾತಾಗಿತ್ತು. "ನಾನು 600 ಕೊಡಬಲ್ಲೆ" ಎಂದಿದ್ದರೂ ಅದು ನಿಜವಾಗಿರುತ್ತಿತ್ತು. 'ರದ್ದಿ ರೇಟೇ' ಎಂಬುದು ಸುಳ್ಳು.

ಆ ಕಟ್ಟು ಏನು ಎಂದೂ ಯೋಚಿಸಿ. ಚಂದಮಾಮ 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಯಿತು. ಕನ್ನಡದ್ದು 1940ರ ದಶಕದ ಕೊನೆಯಲ್ಲಿ ಮದ್ರಾಸಿನಿಂದಲೇ ಬಂತು. ಆಗ ನಮ್ಮ ಬಳ್ಳಾರಿ ಮದ್ರಾಸಿಗೆ ಸೇರಿತ್ತು, ಕೊಪ್ಪಳ ಹೈದರಾಬಾದ್ ಕಡೆ ಇತ್ತು. ನಮ್ಮ ಬಿಸಿಲು ನಿಮಗೆ ಗೊತ್ತು. ಆ ಅಗ್ಗದ ಕಾಗದ ಬೆಳಕು ತಾಗಿದರೆ ಹಳದಿಯಾಗುತ್ತದೆ, ಆಮೇಲೆ ಹಪ್ಪಳದ ಹಾಗೆ ಮುರಿಯುತ್ತದೆ. ಇಲ್ಲದಿದ್ದರೆ ಗೆದ್ದಲು. 40 ಸಂಚಿಕೆ ಇಷ್ಟು ವರ್ಷ ಉಳಿದಿವೆ ಎಂದರೆ ಆ ಮಾಸ್ತರರು ಟ್ರಂಕಿನಲ್ಲಿ ಇಟ್ಟು, ವರ್ಷಕ್ಕೊಮ್ಮೆ ತೆಗೆದು, ಒರೆಸಿ, ಮತ್ತೆ ಇಟ್ಟಿರಬೇಕು. ನಿಮಗೆ ಬಂದ 9,000ದಲ್ಲಿ ಆ ಕೈಯ ಕೆಲಸವೂ ಇದೆ.

ನಿಮ್ಮ ಕೆಲಸವೂ ಇದೆ, ಒಪ್ಪುತ್ತೇನೆ. ಓಡಾಟ, ಫೋಟೋ, ಗಿರಾಕಿ ಹುಡುಕುವುದು, ರಟ್ಟು ಇಟ್ಟು ಪ್ಯಾಕ್ ಮಾಡುವುದು. ಅದಕ್ಕೇ ಪೂರ್ತಿ ಕೊಡಿ ಎನ್ನುವುದಿಲ್ಲ. ಕೊಟ್ಟ 600, ಅಂಚೆ ಖರ್ಚು ಕಳೆಯಿರಿ. ಉಳಿದದ್ದರಲ್ಲಿ ಅರ್ಧ ಆ ಅಮ್ಮನಿಗೆ ಸೇರಬೇಕು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಹತ್ತಿರ ಇನ್ನೂ 29 ಸಂಚಿಕೆ ಇರಬೇಕು. ಅವನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅವರನ್ನೇ ಕೇಳಿ.

ರಾಯಚೂರಿನವರಿಗೆ ಇವತ್ತೇ 1,800 ವಾಪಸ್ ಹಾಕಿ, ಪುಸ್ತಕ ಕಳಿಸುವ ಖರ್ಚನ್ನೂ ಸೇರಿಸಿ. ಕೊಪ್ಪಳದ್ದನ್ನು ಮಾತ್ರ ಫೋನಿನಲ್ಲಿ ಮುಗಿಸಬೇಡಿ. ಹೊಸಪೇಟೆ ಮೇಲೆ ರೈಲಿದೆ, ಹೋಗಿ ಬನ್ನಿ. ಯಾವ ಸಂಚಿಕೆ ಎಷ್ಟಕ್ಕೆ ಹೋಯಿತು ಎಂದು ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ, ಮಗನಿಗೂ ತೋರಿಸಿ. ಆ ಇನ್ನೊಂದು ಟ್ರಂಕನ್ನು ಅವರು ತೆರೆದರೆ, ಈ ಸಲ ಒಂದೊಂದೇ ತೆಗೆದು ನಿಜವಾದ ಬೆಲೆ ಹೇಳಿ. ತೆರೆಯದಿದ್ದರೆ, ಬಿಸಿಲು ತಾಗದಂತೆ ಹೇಗೆ ಇಡಬೇಕು ಎಂದು ಹೇಳಿಕೊಟ್ಟು ಬನ್ನಿ.

– ಸಂಪಾದಕ